ಅತ್ತೆಗೆ ನನ್ನ ಮುಖ ಕಂಡ ಮಧ್ಯಾಹ್ನ

ದಂಡೋತಿಯಲ್ಲಿ ನಮ್ಮ ಮನೆ ಕಾಗಿಣಾ ಹೊಳೆಯ ದಂಡೆಗೇ ಇತ್ತು. ಬೆಳಗಾಗುತ್ತಲೇ ನೀರಿನ ಹೊಳಪು ಪಡಸಾಲೆಯ ತೊಲೆಗಳ ಮೇಲೆ ಕುಣಿಯುತ್ತಿತ್ತು. ಅಂಥ ಬೆಳಕಿನಲ್ಲಿ ಬೆಳೆದವಳನ್ನು ಶಹಾಬಾದಿನ ಕಲ್ಲುಮನೆಗೆ ಕೊಟ್ಟರು. ಆಗಿನ್ನೂ ನಮ್ಮದು ಹೈದರಾಬಾದ್ ರಾಜ್ಯ. ನನಗೆ ಹತ್ತೊಂಬತ್ತು ನಡೆಯುತ್ತಿತ್ತು.

ಆ ಮನೆಯ ನೆಲ, ಗೋಡೆ, ಮಾಳಿಗೆ ಎಲ್ಲವೂ ಫರಸಿ ಕಲ್ಲಿನ ಚಪ್ಪಡಿ. ನಡುಮನೆಗೆ ಬೆಳಕೆಂದರೆ ಮಾಳಿಗೆಯಲ್ಲಿದ್ದ ಒಂದೇ ಒಂದು ಬೆಳಕಿಂಡಿ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮನೆಯೇ ಇಲ್ಲದಂತಾಗುತ್ತಿತ್ತು. ಒಂದಿಷ್ಟು ಹೊತ್ತು ನಿಂತರೆ ಕತ್ತಲೆಯೊಳಗಿಂದ ಮೊದಲು ಹಿತ್ತಾಳೆ ಕೊಡದ ಅಂಚು ಬರುತ್ತಿತ್ತು, ಆಮೇಲೆ ಬೀಸುವ ಕಲ್ಲು, ಕಟ್ಟಕಡೆಗೆ ಅದರ ಪಕ್ಕ ಕೂತ ಅತ್ತೆ. ಅವರು ನನಗೆ ಕಾಣುವ ಹೊತ್ತಿಗೆ ಆಗಲೇ ನನ್ನನ್ನು ನೋಡುತ್ತಿರುತ್ತಿದ್ದರು.

ಆ ನೋಟವೇ ನನಗೆ ಆಗುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ರೆಪ್ಪೆ ಬಡಿಯದೆ ದಿಟ್ಟಿಸುತ್ತಿದ್ದರು. ಬಣ್ಣ ಕಪ್ಪೆಂದೋ, ಮೂಗು ಮೊಂಡೆಂದೋ, ಏನೋ ಒಂದು ತಪ್ಪು ಹುಡುಕುತ್ತಿದ್ದಾರೆಂದು ನನ್ನ ಲೆಕ್ಕ. ಹಿರಿಯರ ಮುಂದೆ ಸೊಸೆ ತಲೆ ತಗ್ಗಿಸಿರಬೇಕೆಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಆ ರಿವಾಜು ನನ್ನ ಸಿಟ್ಟಿಗೆ ಒಳ್ಳೆಯ ಮರೆಯಾಯಿತು. ಸೆರಗು ಮುಂದಕ್ಕೆಳೆದು, ಮುಖ ತಿರುಗಿಸಿ ಸರ್ರನೆ ದಾಟಿಬಿಡುತ್ತಿದ್ದೆ. ಎಂಥ ನಾಚಿಕೆಯ ಸೊಸೆ ಎಂದು ಓಣಿಯವರು ಹೊಗಳಿದರು. ಒಳಗೊಳಗೆ ನಾನು ಕುದಿಯುತ್ತಿದ್ದೆ.

ಬಿಸಿಲಿನಿಂದ ಬಂದವರಿಗೆಂದು ಅತ್ತೆ ಹೊಸ್ತಿಲ ಬಳಿ ಒಂದು ತಂಬಿಗೆ ನೀರು, ಬೆಲ್ಲದ ಚೂರು ಇಟ್ಟಿರುತ್ತಿದ್ದರು. ಕಣ್ಣಿನೊಳಗಿನ ಬಿಸಿಲು ಇಳಿಯುವ ತನಕ ಕೂತು ಒಳಗೆ ಬರಬೇಕೆಂದು ಅವರ ಮಾತು. ನಾನು ನಿಂತೇ ಗಟಗಟನೆ ಕುಡಿದು ಹೋಗುತ್ತಿದ್ದೆ.

ನನ್ನ ಗಂಡನದು ಕಲ್ಲಿನ ಗಣಿಯಲ್ಲಿ ಚಪ್ಪಡಿಗಳನ್ನು ಪರೀಕ್ಷಿಸುವ ಕೆಲಸ. ಒಂದು ಮಧ್ಯಾಹ್ನ ಬುತ್ತಿ ಒಯ್ದಾಗ ಅವರು ಗೋಣಿತಟ್ಟಿನ ನೆರಳಿನಲ್ಲಿ ಒಂದು ಚಪ್ಪಡಿಯ ಮುಂದೆ ಸುಮ್ಮನೆ ಕೂತಿದ್ದರು. ಏನೂ ಇಲ್ಲದ ಕಲ್ಲನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಕೆಣಕಿದೆ. ಕೂತು ನೋಡು ಎಂದರು. ಕೂತೆ. ಬೂದು ಬಣ್ಣವೊಂದೇ. ಸ್ವಲ್ಪ ಹೊತ್ತಿಗೆ ಆ ಬೂದುಬಣ್ಣದೊಳಗೆ ಇನ್ನೊಂದು ಬೂದು ಗೆರೆ ಮೂಡಿತು, ಕೂದಲೆಳೆಯಂಥ ಬಿರುಕು. ಅದು ಎಲ್ಲಿಂದಲೋ ತೇಲಿ ಬಂದಂತಿತ್ತು.

"ಕಣ್ಣು ಒಂದೇ ಸಲಕ್ಕ ನೋಡಂಗಿಲ್ಲ" ಎಂದರು. "ಜರಾ ಜರಾ ಬೆಳಕು ಕೂಡಿಸ್ಕೋತ ಹೋಗ್ತದ. ನಮ್ಮವ್ವ ನೋಡ್ತಾಳಲ್ಲ, ಹಂಗ."

ಅವ್ವ ಹೇಗೆ ನೋಡುತ್ತಾರೆಂದು ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿ, ಆಮೇಲೆ ಹೇಳಿದರು. ಅತ್ತೆಯ ಕಣ್ಣು ಮೂರು ವರ್ಷದಿಂದ ಮಬ್ಬಾಗುತ್ತ ಬಂದಿತ್ತು. ಹೈದರಾಬಾದಿಗೆ ಒಯ್ದು ತೋರಿಸಿದ್ದೂ ಆಗಿತ್ತು, ಉಪಾಯವಿರಲಿಲ್ಲ. ಬಿಸಿಲಿನಲ್ಲಿ ಎಲ್ಲ ಹಾಲು ಚೆಲ್ಲಿದಂತೆ ಬೆಳ್ಳಗೆ. ಮನೆಯ ನಸುಗತ್ತಲಲ್ಲಿ, ಎದುರಿಗಿದ್ದದ್ದು ಅಲುಗದೆ ಇದ್ದರೆ, ಭಾಳ ಹೊತ್ತಿಗೆ ಆಕಾರ ಕೂಡಿ ಬರುತ್ತಿತ್ತು. ಆ ಹೊತ್ತೂ ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಿತ್ತು.

"ನಿನಗ ಗೊತ್ತದ ಅಂದ್ಕೊಂಡಿದ್ದೆ" ಎಂದರು. "ಸೊಸಿ ಹೆಂಗದಾಳ ಅಂತ ಅವ್ವ ನನ್ನೇ ಕೇಳ್ತಾಳ. ನೀ ಒಂದ್ ಕಡಿ ನಿಂದ್ರಂಗಿಲ್ಲಂತ."

ಮದುವೆಯಾಗಿ ಎಂಟು ತಿಂಗಳಾಗಿತ್ತು. ಗಣಿಯಿಂದ ಮನೆಯ ತನಕ ಆ ಬಿಳಿ ದಾರಿಯಲ್ಲಿ ಹೇಗೆ ನಡೆದೆನೋ ನೆನಪಿಲ್ಲ. ನಾಚಿಕೆಯಾಗುತ್ತಿತ್ತು, ನಿಜವಾದ ನಾಚಿಕೆ. ಅವತ್ತು ಹೊಸ್ತಿಲ ಬಳಿ ಕೂತು, ಬೆಲ್ಲ ಬಾಯಲ್ಲಿ ಕರಗುವ ತನಕ ಕಣ್ಣು ಮುಚ್ಚಿದ್ದೆ. ಆಮೇಲೆ ಒಳಗೆ ಹೋಗಿ, ಬೆಳಕಿಂಡಿಯ ಬಿಸಿಲು ಬೀಳುವ ಕಲ್ಲಿನ ಪಕ್ಕದ ನೆರಳಿನಲ್ಲಿ, ಅತ್ತೆಯ ಎದುರು ಕೂತು ಸೆರಗು ಹಿಂದಕ್ಕೆ ಸರಿಸಿದೆ.

"ಅತ್ತೀರಿ, ನೋಡ್ರಿ. ನಾ ಅಲುಗಾಡಂಗಿಲ್ಲ."

ಅವರು ನನ್ನತ್ತ ಮುಖ ತಿರುಗಿಸಿದರು. ನೋಡತೊಡಗಿದರು. ಬಿಸಿಲಿನ ತುಂಡು ಒಂದು ಫರಸಿಯಿಂದ ಇನ್ನೊಂದಕ್ಕೆ ತೆವಳಿತು. ದೂರದಲ್ಲಿ ವಾಡಿಯ ಕಡೆಗೆ ರೈಲು ಕೂಗಿ ಹೋಯಿತು. ನನ್ನ ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ನಾನೂ ಅವರನ್ನು ಅಷ್ಟು ಹೊತ್ತು ನೋಡಿದ್ದು ಅವತ್ತೇ. ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕೆ ಇದ್ದವು. ಸಿಟ್ಟೆಂದು ತಿಳಿದಿದ್ದ ಹುಬ್ಬಿನ ಗಂಟು ಬರೀ ಪ್ರಯಾಸವಾಗಿತ್ತು.

"ಹಾಂ, ಮೂಗು ಬಂತು" ಎಂದರು ಮೆಲ್ಲಗೆ. ಮತ್ತಷ್ಟು ಹೊತ್ತಾಯಿತು. ಹುಬ್ಬು ಸಡಿಲಾಯಿತು. "ನಗಾಕತ್ತೀಯೇನವ್ವ?"

ನನ್ನ ತುಟಿ ಅಳು ತಡೆದು ತಡೆದು ಸೊಟ್ಟಗಾಗಿತ್ತು.

"ಹೌದ್ರಿ, ನಗಾಕತ್ತೀನಿ" ಎಂದೆ.

ಮುಂದಿನ ಶ್ರಾವಣದ ಹೊತ್ತಿಗೆ ಅವರಿಗೆ ನಸುಗತ್ತಲಲ್ಲೂ ಏನೂ ಕಾಣದಾಯಿತು. ಬಂದು ಹೋದವರಿಗೆಲ್ಲ ನನ್ನ ಸೊಸಿ ನಗುಮುಖದಾಕಿ ಎಂದು ಹೇಳಿಕೊಳ್ಳುತ್ತಿದ್ದರು. ಮುಂಗೋಪಿ ಎಂದು ನನ್ನನ್ನು ಬಲ್ಲವರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಅತ್ತೆ ತೀರಿಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಬಿಸಿಲಿನಿಂದ ಮನೆಯೊಳಗೆ ಬಂದಾಗ, ಕಣ್ಣಿಗೆ ಏನೂ ಕಾಣದ ಆ ಒಂದು ಗಳಿಗೆ, ನಾನು ಮುಖವೆತ್ತಿ ನಗುತ್ತೇನೆ.