ಹಾಯಿದೋಣಿ ಹತ್ತಿದ ಒರಳು

ಇವತ್ತು ಬೆಳಿಗ್ಗೆ ಹಿತ್ತಿಲಲ್ಲಿ ಒರಳು ತೊಳೆಯುವಾಗ ಬೆರಳು ಕುಯ್ದುಕೊಂಡೆ. ಬೆರಳು ಜಜ್ಜಿದರೆ ಸರಿ, ಒರಳಿನಿಂದ ಕುಯ್ಯುವುದು ಹೇಗೆ ಎಂದು ನೀವು ಕೇಳಬಹುದು. ನಮ್ಮ ಒರಳಿನ ಹೊಟ್ಟೆಯ ಸುತ್ತ ಸಮುದ್ರದ ಚಿಪ್ಪುಗಳು ಕಚ್ಚಿಕೊಂಡಿವೆ. ಉಪ್ಪುನೀರಿನ ಬಂಡೆಗೆ ಹತ್ತುತ್ತವಲ್ಲ, ಅಂಥವು. ಕತ್ತಿಯಿಂದ ಕೆರೆದರೂ ಬಿಡುವುದಿಲ್ಲ. ಸಮುದ್ರಯಾನ ಮಾಡಿ ಬಂದ ಒರಳು ಇಡೀ ಕಾರವಾರದಲ್ಲಿ ಇದೊಂದೇ ಇರಬೇಕು. ಆ ಯಾನ ಮಾಡಿಸಿದವಳು ನಾನೇ ಆದ್ದರಿಂದ ಯಾರನ್ನೂ ಬೈಯದೆ ಬೆರಳು ಬಾಯಲ್ಲಿಟ್ಟುಕೊಂಡೆ.

ನಾನು ಅಂಕೋಲೆಯ ಶೆಟಗೇರಿಯವಳು. ನೀರೆಂದರೆ ಬಾವಿಯಲ್ಲಿರಬೇಕು, ಹೆಚ್ಚೆಂದರೆ ಗದ್ದೆಯಲ್ಲಿ ಪಾದ ಮುಳುಗುವಷ್ಟು ಇರಬೇಕು ಎಂದು ನಂಬಿ ಬೆಳೆದವಳು. ಮದುವೆಯಾಗಿ ಕಾರವಾರದ ಕೋಡಿಬಾಗಕ್ಕೆ ಬಂದರೆ, ಮಾಳಿಗೆಯ ಕಿಟಕಿ ತೆಗೆದ ಕೂಡಲೇ ಎದುರಿಗೆ ಸಮುದ್ರ! ನಡುವೆ ಆರಾಮಾಗಿ ಕೂತ ನಡುಗಡ್ಡೆಗಳು. ಸಂಜೆಯಾದರೆ ಅವುಗಳಲ್ಲೊಂದಾದ ದೇವಗಡದ ದೀಪಸ್ತಂಭದ ಬೆಳಕು ಹಾಸಿಗೆಯ ತನಕ ಬಂದು ಹೋಗುವುದು. ಇದೇನು ಕಾಟ ಎಂದು ನಾನು ಕಿಟಕಿಗೆ ಪರದೆ ಹೊಲಿಸಿದೆ. ನನ್ನ ಗಂಡ ಸರಿಸಿದರು. ನಾನು ಎಳೆದೆ. ನಮ್ಮ ದಾಂಪತ್ಯದಲ್ಲಿ ಜಗಳ ಅಂತ ಆದದ್ದು ಬಹುಪಾಲು ಇದೇ.

ಅವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಬೆರಳು ತನ್ನಷ್ಟಕ್ಕೆ ತೀರ್ಪು ಹೊಡೆಯುತ್ತಿದ್ದರೆ ಕಣ್ಣು ಕಿಟಕಿಯಾಚೆ ಇರುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಬಲಗಣ್ಣು ಆಗಲೇ ಹೋದ ಹಾಗೆ, ಎಡಗಣ್ಣು ಎಷ್ಟು ದಿನವೋ ಹೇಳಲಾಗದು, ಹೋದದ್ದು ವಾಪಸು ಬರುವುದಿಲ್ಲ ಎಂದರು. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗು ಕಚ್ಚಿಕೊಂಡು ಅತ್ತೆ. ಇವರು ಬಸ್ಸಿಳಿದ ಮೇಲೆ ಬಾಯಿಬಿಟ್ಟರು.

“ಸಣ್ಣವ ಇದ್ದಾಗಿಂದ ಆ ದೀಪ ನೋಡ್ತಾ ಇದ್ದೆ. ಹತ್ತಿರ ಹೋಗಿ ನೋಡಲೇ ಇಲ್ಲ. ಕಣ್ಣು ಇರುದ್ರೊಳಗೆ ಒಂದ್ಸಲ ಅದ್ರ ಬುಡಕ್ಕೆ ಹೋಗಿ, ದೀಪ ಹತ್ತುದನ್ನ ನೋಡ್ಬೇಕು.”

ಹೋಗಲಿ ಪಾಪ. ನದಿಯಾಚೆಯ ದೇವಬಾಗದಲ್ಲಿ ಪ್ರವಾಸಿಗರನ್ನು ಒಯ್ಯುವ ಯಂತ್ರದ ದೋಣಿಗಳು ಬೇಕಷ್ಟಿವೆ, ಒಂದನ್ನು ಹತ್ತಿ ನೋಡಿ ಬರಬಹುದಿತ್ತು. ಆದರೆ ಇವರಿಗೆ ಇಂಜಿನ್ನಿನ ಗದ್ದಲ ಆಗದು. ನೆರೆಮನೆಯ ಮೀನುಗಾರ ಗಣಪಣ್ಣನ ಅಂಗಳದಲ್ಲಿ ಹಳೆಯ ಹಾಯಿದೋಣಿಯೊಂದು ಕವುಚಿಕೊಂಡು ಬಿದ್ದಿತ್ತು. ಕೋಳಿಗಳು ಅದರಡಿ ಮೊಟ್ಟೆ ಇಡುತ್ತಿದ್ದವು. ಕೋಳಿಗಳನ್ನು ಎಬ್ಬಿಸಿ ಇವರು ದೋಣಿ ರಿಪೇರಿ ಮಾಡಿಸಿದರು. ಮಳೆ ನಿಲ್ಲುವಷ್ಟರಲ್ಲಿ ಗಣಪಣ್ಣನಿಂದ ಹಾಯಿ ಏರಿಸುವುದು, ಇಳಿಸುವುದು ಕಲಿತರು. ಅರ್ಧ ಕಣ್ಣಿನ ಮನುಷ್ಯನನ್ನು ಒಬ್ಬನೇ ಸಮುದ್ರಕ್ಕೆ ಬಿಡುವುದುಂಟೇ? ನಾನೂ ಹತ್ತಬೇಕಾಯಿತು.

“ದೋಣಿ ಹಗುರ. ತಳದಲ್ಲಿ ಭಾರ ಬೇಕು, ಇಲ್ದಿದ್ರೆ ಮಗುಚ್ತದೆ. ನಾಲ್ಕು ಕಲ್ಲು ಹಾಕ್ಕಣಿ,” ಎಂದ ಗಣಪಣ್ಣ.

ಮಗುಚುತ್ತದೆ ಎಂಬ ಮಾತು ಕೇಳಿದ್ದೇ ನಾನು ಮನೆಗೆ ಓಡಿದೆ. ಮನೆಯಲ್ಲಿ ನನ್ನನ್ನು ಬಿಟ್ಟರೆ ಅತಿ ಭಾರದ್ದು ಯಾವುದೆಂದು ಹುಡುಕಿದೆ. ಮಿಕ್ಸಿ ಬಂದಮೇಲೆ ಹಿತ್ತಿಲು ಸೇರಿದ್ದ ಒರಳು ಕಂಡಿತು. ಕೆಲಸಕ್ಕೆ ಬಾರದ ಕಲ್ಲು ಹೊರುವ ಬದಲು ಮಸಾಲೆಯಾದರೂ ಅರೆಯಬಹುದಲ್ಲ! ಇಬ್ಬರು ಆಳುಗಳು ಅದನ್ನು ಹೊತ್ತು ತರುವುದನ್ನು ನೋಡಿ ಗಣಪಣ್ಣ ಬೀಡಿ ಬಾಯಿಂದ ತೆಗೆದ.

“ಅಕ್ಕೋರೆ, ಸಮುದ್ರದ ಮೇಲೆ ಇಡ್ಲಿ ಅಂಗಡಿ ಇಡ್ತ್ರಿ ಏನು?”

ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಅಕ್ಕೋರು ನಾನು, ಇಂಥ ಮಾತು ತಾಗುವುದಿಲ್ಲ. “ನೀ ಹಗ್ಗ ಕಟ್ಟು ಮಾರಾಯ,” ಎಂದೆ. ನೀರಿಗೆ ಬಿದ್ದರೂ ಕಳೆದುಹೋಗಬಾರದೆಂದು ಅವನು ಒರಳಿನ ಕುತ್ತಿಗೆಗೆ ಉದ್ದನೆಯ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ದೋಣಿಗೆ ಕಟ್ಟಿದ.

ಹೀಗೆ ನಮ್ಮ ಚಳಿಗಾಲದ ಯಾತ್ರೆ ಶುರುವಾಯಿತು. ಬೆಳಿಗ್ಗೆ ದಡದಿಂದ ಬೀಸುವ ಗಾಳಿಗೆ ಹೊರಡುವುದು, ಮಧ್ಯಾಹ್ನದ ಮೇಲೆ ಸಮುದ್ರದಿಂದ ಬರುವ ಗಾಳಿಗೆ ವಾಪಸಾಗುವುದು. ಇವರು ಚುಕ್ಕಾಣಿ ಹಿಡಿಯುವುದು, ನಾನು ಮುಂದೆ ಕೂತು ಬಲೆಯ ಗೂಟ, ಬಂಡೆ ಏನಾದರೂ ಕಂಡರೆ ಕೂಗುವುದು. ವಾಹನ ನಡೆಸುವ ವಿಷಯದಲ್ಲಿ ನನಗಿದ್ದ ತಿಳಿವಳಿಕೆಯೆಲ್ಲ ಕೆಲಸಕ್ಕಾಗಿ ಅಂಕೋಲೆ–ಕಾರವಾರ ಬಸ್ಸಿನಲ್ಲಿ ಓಡಾಡಿ ಬಂದದ್ದು. ಊಟದ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಸೌಟಿನಿಂದ ಎರಡು ಸಲ ಬಡಿದರೆ ಮುಂದೆ ಹೋಗಬಹುದು ಎಂದರ್ಥ. ಅಪಾಯ ಕಂಡರೆ “ಹೋಲ್ಡಾನ್!” ಎಂದು ಕಂಡಕ್ಟರನ ಹಾಗೆ ಕಿರುಚುತ್ತಿದ್ದೆ.

“ಹೋಲ್ಡಾನ್ ಅಂದ್ರೆ ನಿಲ್ಲುಕೆ ಇದೇನು ಬಸ್ಸಾ? ಹಾಯಿದೋಣಿಗೆ ಬ್ರೇಕ್ ಇಲ್ಲ ಮಾರಾಯ್ತಿ!”

“ಬ್ರೇಕಿಲ್ಲದ್ದನ್ನ ಯಾಕೆ ತಂದ್ರಿ?”

ದಡದಲ್ಲಿ ಬಲೆ ಒಣಗಿಸುವವರೆಲ್ಲ ನಮ್ಮ ಸರ್ವೀಸ್ ಹೊರಡುವುದನ್ನು ಕಾದು ನಿಲ್ಲುತ್ತಿದ್ದರು. “ಸೀಟಿದ್ಯಾ ಅಕ್ಕೋರೆ?” ಎಂದು ಕೂಗುವವರೂ ಇದ್ದರು. ನಾನು ವಾಂತಿ ತಡೆಯಲು ಬಾಯಲ್ಲಿ ಲಿಂಬೆಸಿಪ್ಪೆ ಇಟ್ಟುಕೊಂಡಿದ್ದರಿಂದ ಉತ್ತರ ಕೊಡಲಾಗುತ್ತಿರಲಿಲ್ಲ. ಇಲ್ಲದಿದ್ದರೆ ಬಿಡುತ್ತಿದ್ದೆನೇ!

ಹತ್ತಿರದ ನಡುಗಡ್ಡೆ ಕೂರ್ಮಗಡಕ್ಕೆ ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಯಾರನ್ನೂ ಹತ್ತಿರ ಬಿಡದ ನೌಕಾಪಡೆಯವರ ನೆಲೆಯ ಕಡೆಗಂತೂ ನಮ್ಮ ದೋಣಿ ಮುಖವನ್ನೂ ತಿರುಗಿಸುತ್ತಿರಲಿಲ್ಲ. ದಂಡೆಗೆ ತಾಗಿ ದೋಣಿ ನಿಲ್ಲಿಸಿ, ಅದರೊಳಗೇ ಕೂತು ನಾನು ಕಾಯಿ, ಮೆಣಸು, ಕೊತ್ತಂಬರಿ ಅರೆಯುತ್ತಿದ್ದೆ. ಇವರು ಕಲ್ಲಿನ ಒಲೆ ಹೂಡುತ್ತಿದ್ದರು. ಬಂಗಡೆಯ ಸಾರು ಕುದಿಯುವಾಗ ಇವರು ಒಂದೊಂದನ್ನೂ ಎಡಗಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದರು: ಎಲೆ, ಏಡಿ, ಮರಳು. ಒಮ್ಮೆ ನನ್ನ ಮುಖವನ್ನೂ ಹಾಗೇ ಹಿಡಿದು ನೋಡಿದರು. “ಹೊಗೆ ಬಡ್ದು ಕಪ್ಪಾಗಿದೆ, ಎಂತ ನೋಡ್ತ್ರಿ,” ಎಂದು ಬೈದೆ. ಆ ಚಳಿಗಾಲ ಮುಗಿಯುವುದೇ ಬೇಡ ಎನಿಸಿತು. ಸಮುದ್ರವೆಂದರೆ ಹೆದರುವ ನಾನು ಹಾಗೆ ಅಂದುಕೊಂಡೆ, ನೋಡಿ.

ದೇವಗಡಕ್ಕೆ ಹೋಗಲು ಮಾತ್ರ ಗಾಳಿ ಕೂಡಿಬರಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ಇವರು ಮೆಟ್ಟಿಲು ತಡಕತೊಡಗಿದ್ದರು, ಬೆಳಕು ಇಳಿದರೆ ಎದುರಿಗಿದ್ದವರೂ ಕಾಣುತ್ತಿರಲಿಲ್ಲ. ಕೊನೆಗೊಂದು ದಿನ ಹೋದೆವು. ಬಂಡೆಯಿಂದ ಸ್ವಲ್ಪ ದೂರ ಹಾಯಿ ಇಳಿಸಿ, ಹುಟ್ಟು ಹಾಕುತ್ತ ಕಾದೆವು. ಸೂರ್ಯ ಮುಳುಗುವ ಹೊತ್ತಿಗೆ ದೀಪ ಹತ್ತಿತು. ಇವರು ಕತ್ತೆತ್ತಿ, ಎಡಗಣ್ಣನ್ನು ಅಗಲಿಸಿ ನೋಡಿದರು. ನೋಡಿಯೇ ನೋಡಿದರು.

“ಕಂಡಿತಾ?”

“ಕಂಡಿತು. ಮನೆಯಿಂದ್ಲೇ ಚೆಂದ ಇತ್ತು,” ಎಂದವರು ಗಳಗಳನೆ ಅತ್ತುಬಿಟ್ಟರು. ನಾನೂ ಅತ್ತೆ. ಹುಟ್ಟು ಹಾಕುವವರೇ ಇಲ್ಲದೆ ದೋಣಿ ಒಂದು ಸುತ್ತು ತಿರುಗಿತು.

ವಾಪಸು ಬರುವಾಗ ಗಾಳಿಯೇನೋ ಇತ್ತು, ಬೆಳಕು ಇರಲಿಲ್ಲ. ಕಾಳಿ ನದಿಯ ಅಳಿವೆಯೊಳಗೆ ನುಗ್ಗುವಾಗ ಎದುರಿಗೆ ಬಲೆಯ ಗೂಟಗಳ ಸಾಲು ಕಂಡಿತು. “ಹೋಲ್ಡಾನ್! ಹೋಲ್ಡಾನ್!” ಎಂದು ಅರಚಿದೆ.

“ಎತ್ಲಾಗೆ ತಿರುಗಿಸ್ಲಿ? ನನಗೆ ಏನೂ ಕಾಣುದಿಲ್ಲ,” ಎಂದರು.

ನನಗೆ ಆ ಶಕ್ತಿ ಎಲ್ಲಿಂದ ಬಂತೋ ದೇವರೇ ಬಲ್ಲ. ದೋಣಿ ವಾಲಿದ ಬದಿಯ ಅಂಚಿನಾಚೆ ಒರಳನ್ನು ಭುಜ ಕೊಟ್ಟು ನೂಕಿದೆ. ಧುಡುಂ! ಅದು ನೀರಿಗೆ ಬಿತ್ತು, ಮರಳಲ್ಲಿ ಹೂತಿತು, ಹಗ್ಗ ಬಿಗಿಯಿತು. ದೋಣಿ ಗಕ್ಕನೆ ನಿಂತಿತು. ಇವರು ಹಾಯಿ ಇಳಿಸಿದರು. ಹಾಯಿದೋಣಿಗೆ ಬ್ರೇಕ್ ಇಲ್ಲವೆಂದವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇರೆ ಬೇಕೇ?

ಗಣಪಣ್ಣ ನಮ್ಮನ್ನು ಹುಡುಕಿಕೊಂಡು ಬರುವ ತನಕ ಅಲ್ಲೇ ಕೂತಿದ್ದೆವು. ಇವರು ಸಮುದ್ರದ ಕಡೆ ಮುಖ ಮಾಡಿ ಮೆಲ್ಲನೆ ಕೇಳಿದರು, “ದೀಪ ಕಾಣ್ತದ್ಯಾ?”

ನನಗೆ ಕಾಣುತ್ತಿತ್ತು. ಅವರಿಗೆ ಕಾಣುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಎತ್ತಿಕೊಂಡೆ. ದೀಪ ಮಿನುಗಿದಾಗೊಮ್ಮೆ ಸೌಟಿನಿಂದ ಒಂದು ಬಡಿತ. ಟಣ್. ಸ್ವಲ್ಪ ಹೊತ್ತು. ಮತ್ತೆ ಟಣ್. ಅವರ ಬೆರಳೂ ತೊಡೆಯ ಮೇಲೆ ಟೈಪ್ ಹೊಡೆದಂತೆ ಜೊತೆಗೂಡಿತು.

ಗಣಪಣ್ಣ ಹಗ್ಗ ಕತ್ತರಿಸಿ ನಮ್ಮನ್ನು ದಡ ಸೇರಿಸಿದ. ಮುಂದಿನ ವರ್ಷ ಬಹಳ ಇಳಿತವಿದ್ದ ದಿನ ಒರಳನ್ನೂ ಎತ್ತಿ ತಂದುಕೊಟ್ಟ, ಚಿಪ್ಪಿನ ಸಮೇತ. ಅಷ್ಟರಲ್ಲಿ ಇವರ ಎಡಗಣ್ಣೂ ಹೋಗಿತ್ತು.

ಕಿಟಕಿಗೆ ಈಗ ಪರದೆ ಇಲ್ಲ. ತೆಗೆದವಳು ನಾನೇ. ಸಂಜೆಯಾದರೆ ಇಬ್ಬರೂ ಅಲ್ಲಿ ಕೂರುತ್ತೇವೆ, ನನ್ನ ಕೈಯಲ್ಲಿ ಮುಚ್ಚಳ, ಸೌಟು. ಇವತ್ತೂ ಕೂತೆವು. ಕುಯ್ದ ಬೆರಳಿಗೆ ಬಟ್ಟೆ ಸುತ್ತಿದ್ದರಿಂದ ಸೌಟು ಸರಿಯಾಗಿ ಹಿಡಿಯಲಾಗಲಿಲ್ಲ. ಕಿಟಕಿಯ ಕಡೆಗಿದ್ದ ಅವರ ಮುಖವನ್ನು ನೋಡುತ್ತಾ ದೀಪದ ಕಡೆ ನನ್ನ ಗಮನವೂ ತಪ್ಪಿತು.

ಅವರ ತೊಡೆಯ ಮೇಲಿನ ಬೆರಳು ನಿಂತಿತು.

“ಹೋಲ್ಡಾನ್,” ಎಂದರು. “ಒಂದು ಬಿಟ್ಟೆ ನೀನು.”