ಬಲಕ್ಕೆ ವಾಲುವ ವಿಮಾನ

ಬನಹಟ್ಟಿಯ ಗಿರಿಮಲ್ಲಪ್ಪನಿಗೆ ನಾಲ್ಕು ಮಗ್ಗಗಳೂ ಒಂದು ಹುಚ್ಚೂ ಇದ್ದವು. ಮಗ್ಗಗಳು ಹೊಟ್ಟೆ ಹೊರೆಯುತ್ತಿದ್ದವು. ಹುಚ್ಚು ಮಾತ್ರ ರವಿವಾರಕ್ಕೊಮ್ಮೆ ಚಿಮ್ಮಡದ ಹೊಲದಲ್ಲಿ ಮೂಗು ಮುರಿದುಕೊಂಡು ಬೀಳುತ್ತಿತ್ತು. ಮೊಬೈಲಿನಲ್ಲಿ ನೋಡಿ ಕಲಿತದ್ದು, ಥರ್ಮಾಕೋಲಿನ ರಿಮೋಟ್ ವಿಮಾನ. ಐವತ್ತು ದಾಟಿದವನಿಗೆ ಇದೇನು ಆಟವೆಂದು ಹೆಂಡತಿ ಭಾಗ್ಯಾ ಕೇಳುವುದನ್ನೂ ಬಿಟ್ಟಿದ್ದಳು.

ಮನುಷ್ಯ ಕೆಟ್ಟವನಲ್ಲ, ಆದರೆ ಅನುಮಾನ ಅವನ ರಕ್ತದಲ್ಲೇ ಇತ್ತು. ಬಟ್ಟೆಯಲ್ಲಿ ಎಳೆ ತಪ್ಪಿದರೆ ಮೊದಲು ನೂಲಿನ ಮೇಲೆ, ಆಮೇಲೆ ಕರೆಂಟಿನ ಮೇಲೆ, ಆಮೇಲೆ ಆಳಿನ ಮೇಲೆ. ತನ್ನ ಕೈಯ ಸರದಿ ಬರುತ್ತಲೇ ಇರಲಿಲ್ಲ.

ಈ ಹುಚ್ಚಿಗೆ ಒಬ್ಬನೇ ಜೊತೆಗಾರ, ತೇರದಾಳದ ನೂಲಿನ ವ್ಯಾಪಾರಿ ಪಾರಿಸಪ್ಪ. ಇಬ್ಬರೂ ಹುಡುಗರಾಗಿದ್ದಾಗಿನಿಂದ ಗೆಳೆಯರು. ಮೈ, ರೆಕ್ಕೆ ಗಿರಿಮಲ್ಲಪ್ಪನ ಕೆಲಸ. ಮೋಟಾರು, ತಂತಿ ಪಾರಿಸಪ್ಪನದು. ವಿಮಾನ ಏಳುತ್ತಿತ್ತು, ಬಲಕ್ಕೆ ವಾಲುತ್ತಿತ್ತು, ಬೀಳುತ್ತಿತ್ತು. ಪಾರಿಸಪ್ಪ ತನ್ನ ಮನೆಯಲ್ಲಿ ತಾನೇ ಮಾಡಿದ್ದು ಮಾತ್ರ ನೆಟ್ಟಗೆ ಹೋಗುತ್ತಿತ್ತು.

"ಲೇ ಗಿರಿಮಲ್ಯಾ, ಮತ್ತ ಬಲಕ್ಕ ಎಳದೈತಿ ನೋಡ," ಎಂದು ಪಾರಿಸಪ್ಪ ನಗುತ್ತಿದ್ದ. ಆ ನಗು ಗಿರಿಮಲ್ಲಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತು. ಜೈನರ ಮನೆಯವನಾದ ಪಾರಿಸಪ್ಪ ಹೊತ್ತು ಮುಳುಗುವ ಮುಂಚೆ ಉಣ್ಣಲು ಹೊರಟರೆ, ಬಾಲ್ಯದಿಂದ ಗೊತ್ತಿದ್ದ ಆ ಪದ್ಧತಿಯೂ ಈಗ ನೆಪವಾಗಿ ಕಂಡಿತು. ಪಾರಿಸಪ್ಪ ಕದ್ದು ತಿರುವಿದರೆ ಗೊತ್ತಾಗಲೆಂದು, ಹೆಂಡತಿಯ ನೇಲ್‌ಪಾಲಿಶ್ ಕದ್ದು ಸ್ಕ್ರೂಗಳ ಮೇಲೆ ಒಂದೊಂದು ಚುಕ್ಕೆ ಇಟ್ಟು ಕಾದ. ಚುಕ್ಕೆ ಅಳಿಯಲಿಲ್ಲ, ವಿಮಾನ ಬಿತ್ತು. ಕಾಮಾಲೆ ಕಣ್ಣಿಗೆ ಎಲ್ಲವೂ ಹಳದಿ. ತಿರುವಿದ ಮೇಲೆ ಮತ್ತೆ ಚುಕ್ಕೆ ಇಡಲು ಪಾರಿಸಪ್ಪನೂ ನೇಲ್‌ಪಾಲಿಶ್ ತಂದಿರಬೇಕು ಅಂದುಕೊಂಡ.

ಕೊನೆಗೆ ಹೊಲದಲ್ಲೇ ಕೇಳಿಬಿಟ್ಟ. "ಖರೆ ಹೇಳ ಪಾರಿಸ. ನನ್ನ ವಿಮಾನಕ್ಕ ನೀ ಏನರ ಮಾಡ್ತಿ."

"ನಾ ಯಾಕ ಮಾಡ್ಲಿ?"

"ನಿಂದಷ್ಟ ನೆಟ್ಟಗ ಹಾರಬೇಕಂತ."

ಪಾರಿಸಪ್ಪ ಕೈಯಲ್ಲಿದ್ದ ಇಕ್ಕಳವನ್ನು ಮೆಲ್ಲಗೆ ಕೆಳಗಿಟ್ಟ. "ಆತು," ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದ. ಮುಂದಿನ ರವಿವಾರ ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ.

ಗಿರಿಮಲ್ಲಪ್ಪ ಹಟಕ್ಕೆ ಬಿದ್ದ. ಬಾಗಿಲು ಹಾಕಿಕೊಂಡು, ತಂತಿ ಜೋಡಿಸುವುದನ್ನೂ ಕಲಿತು, ಯಾರೂ ಮುಟ್ಟದ ಒಂದು ವಿಮಾನ ಮಾಡಿದ. ರಿಮೋಟ್ ಹಿಡಿದವನಿಗೆ ವಿಮಾನ ಎಸೆಯಲು ಇನ್ನೊಬ್ಬರು ಬೇಕಲ್ಲ, ಹೊಲದಲ್ಲಿ ಕುರಿ ನಿಲ್ಲಿಸಿದ್ದ ಮಾಳಿಂಗರಾಯನನ್ನು ಕರೆದ.

"ಹೆಂಗ ಒಗೀಬೇಕ್ರಿ ಇದನ್ನ? ಕಲ್ಲ ಒಗದಂಗನ?"

"ಮೂಗ ನೆಟ್ಟಗ ಹಿಡದ, ಜರಾ ಮ್ಯಾಲಕ ಒಗಿ."

ವಿಮಾನ ಎದ್ದಿತು, ಬಲಕ್ಕೆ ವಾಲಿತು, ಬಿತ್ತು. ಒಂದು ಗಳಿಗೆ ಗಿರಿಮಲ್ಲಪ್ಪ ಆ ಕುರುಬನನ್ನೂ ಕೆಕ್ಕರಿಸಿ ನೋಡಿದ. ಇವನೂ ಪಾರಿಸನ ಕಡೆಯವನೇ? ಆಮೇಲೆ ಮುರಿದ ವಿಮಾನವನ್ನು ಎತ್ತಿಕೊಂಡ. ಅನುಮಾನ ಪಡಲು ಇನ್ನು ಯಾರೂ ಉಳಿದಿರಲಿಲ್ಲ.

ಮನೆಗೆ ಬಂದು ಮೊದಲ ಬಾರಿ ತನ್ನ ಕೈಗಳನ್ನೇ ಕಾವಲು ಕಾಯ್ದ. ಅವನು ರೆಕ್ಕೆ ಕೂರಿಸುತ್ತಿದ್ದದ್ದು ನೂಲಿನ ಅಳತೆಯಲ್ಲಿ. ಬಾಲದ ನಡುವೆ ಗುಂಡುಸೂಜಿ ಚುಚ್ಚಿ, ಅದಕ್ಕೆ ಕಟ್ಟಿದ ನೂಲನ್ನು ಎಡರೆಕ್ಕೆಯ ತುದಿಗೆ ಹಿಡಿದು ಗಂಟು ಹಾಕಿ, ಅದೇ ಗಂಟಿಗೆ ಬಲರೆಕ್ಕೆಯ ತುದಿ ತರುವುದು. ಎಡದಿಂದ ಬಲಕ್ಕೆ ಹೋಗುವ ನಡುವೆ ಅವನ ಬೆರಳು ನೂಲನ್ನು ಒಮ್ಮೆ ಜಗ್ಗಿ ಗಟ್ಟಿಯಿದೆಯೇ ಎಂದು ನೋಡಿತು. ಅದು ನೇಕಾರನ ಕೈ, ನೂಲು ಸಿಕ್ಕರೆ ಜಗ್ಗದೆ ಬಿಡದು. ಪಾಲಿಯೆಸ್ಟರ್ ನೂಲು ಹಿಗ್ಗಿತು. ಅಳತೆಪಟ್ಟಿ ಹಿಡಿದು ನೋಡಿದರೆ ಬಲರೆಕ್ಕೆ ಒಂದು ಜೋಳದ ಕಾಳಿನಷ್ಟು ಮುಂದೆ ಕೂತು ಇಡೀ ರೆಕ್ಕೆ ಓರೆಯಾಗಿತ್ತು. ಅಷ್ಟೇ. ಅಷ್ಟಕ್ಕೆ ಗೆಳೆಯನನ್ನು ಮೋಸಗಾರನೆಂದಿದ್ದ.

ರೆಕ್ಕೆ ಸರಿಮಾಡಿಕೊಂಡು ತೇರದಾಳದ ಅಂಗಡಿಗೆ ಹೋಗಿ, "ತಪ್ಪ ನಂದ ಐತಿ," ಎಂದ. ಪಾರಿಸಪ್ಪ ಚಹಾ ತರಿಸಿದ, ಬೇರೆ ಮಾತಾಡಿದ. ರವಿವಾರ ಹೊಲಕ್ಕೇನೋ ಬಂದ. ಆದರೆ ಎಸೆಯಲು ವಿಮಾನ ಕೊಡಹೋದರೆ ತೆಗೆದುಕೊಳ್ಳದೆ, ಅಂಗಿಯ ತೋಳು ಮೇಲಕ್ಕೆ ಸರಿಸಿ ಎರಡೂ ಅಂಗೈ ಚಾಚಿ ನಿಂತ.

"ಮೊದಲ ನನ್ನ ಕೈ ನೋಡಕೋರಿ ಗಿರಿಮಲ್ಲಪ್ಪಾರ. ಆಮ್ಯಾಲ ಮಾತ ಬ್ಯಾಡ."

ಗಿರಿಮಲ್ಲಪ್ಪನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮುಖ ಎತ್ತದವನು ವಿಮಾನ ಹಾರಿಸುವುದು ಹೇಗೆ? ಕೊರಳಲ್ಲಿದ್ದ ರಿಮೋಟನ್ನು ತೆಗೆದು ಆ ಅಂಗೈಗಳ ಮೇಲೆ ಇಟ್ಟ.

"ನೀನ ಹಾರಸ. ನಾ ಒಗೀತೇನಿ."

ಪಾರಿಸಪ್ಪ ಬೆರಳು ಮಡಚಿ ರಿಮೋಟ್ ಹಿಡಿದುಕೊಂಡ.