ಅಂಬುಬಾಯಿಯ ದಮ್ಮಿನ ಭರಣಿ

ನಮ್ಮ ಓಣಿಯ ಅಂಬುಬಾಯಿ ಆಯಿಯನ್ನು ಮಣ್ಣು ಮಾಡಿ ನಾಲ್ಕು ದಿನವಾಯಿತು. ಅವಳ ಭರಣಿ ಈಗ ನಮ್ಮ ಅಡುಗೆಮನೆಯ ಸಜ್ಜೆಯ ಮೇಲಿದೆ, ಮಗಳು ಶ್ರುತಿಯ ಕೈಗೆ ಎಟುಕದಷ್ಟು ಎತ್ತರದಲ್ಲಿ.

ಬಿಳಿ ಪಿಂಗಾಣಿಯ ಭರಣಿ. ಹೊಟ್ಟೆ ದಪ್ಪ, ಕುತ್ತಿಗೆ ಗಿಡ್ಡ, ಗಾಳಿ ಒಳಗೆ ಹೋಗಲು ಮಗ್ಗುಲಲ್ಲೊಂದು ಸೊಂಡಿಲು. ಬಾಯಿಗೆ ತೂತಿನ ಬಿರಡೆ. ಅರ್ಧದವರೆಗೆ ಕುದಿನೀರು ಹಾಕಿ, ತೂತಿಗೆ ಕೊಳವೆ ಸಿಗಿಸಿ ಜಗ್ಗಿದರೆ ಉಗಿ ನೇರ ಎದೆಗೆ. ವಾಡಿ ಊರಿನ ಹಳೆಯ ದವಾಖಾನೆಯೊಂದರಲ್ಲಿ ಕಸ ಹೊಡೆಯುತ್ತಿದ್ದ ಆಯಿಯ ಅತ್ತೆ, ಗಾಜಿನ ಕೊಳವೆ ಒಡೆಯಿತೆಂದು ಅಲ್ಲಿನವರು ಎಸೆದದ್ದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳಂತೆ. ನೀಲಿ ಇಂಗ್ಲಿಷ್ ಅಕ್ಷರಗಳು ಅರ್ಧ ಅಳಿಸಿಹೋಗಿವೆ.

ಗಾಜಿನ ಬದಲು ಆಯಿ ಪಪ್ಪಾಯಿ ಎಲೆಯ ದಂಟು ಸಿಗಿಸುತ್ತಿದ್ದಳು. ನಮ್ಮ ಓಣಿಯಲ್ಲಿ ಒಬ್ಬರ ಎಂಜಲು ಇನ್ನೊಬ್ಬರಿಗೆ ನಡೆಯುವುದಿಲ್ಲ. ಹಾಗಾಗಿ ನೆಗಡಿಯಾದ ಮಗುವಿನ ತಾಯಿ ತನ್ನ ಮನೆಯ ದಂಟು ತರಬೇಕು, ಹಾಲು ಸೋರಿ ಒಣಗಿದ್ದನ್ನು.

"ನಿಮ್ಮ ಜಾತಿ ದಂಟಿನಾಗ ಇರ್ಲಿ ಬಿಡ್ರಿ, ಉಗಿ ನಂದು ಅದ!" ಎಂದು ಆಯಿ ಎಲ್ಲರನ್ನೂ ಹಂಗಿಸುತ್ತಿದ್ದಳು. ಶೌಕತ ಅಲಿಯವರ ಮೊಮ್ಮಕ್ಕಳಿಂದ ಹಿಡಿದು ನನ್ನ ಶ್ರುತಿಯವರೆಗೆ ಎಲ್ಲರೂ ಅವಳ ತೊಡೆಯ ಮೇಲೆ ಕುಳಿತು ಉಗಿ ಜಗ್ಗಿದವರೇ. ಆದರೆ ಕಲ್ಲಿನ ಕೆಲಸಕ್ಕೆ ಹೋಗುವ ಗಂಡಸರಿಗೆ ಮಾತ್ರ ಭರಣಿ ಇಲ್ಲ. ಅದಕ್ಕೇ ಅವಳಿಗೆ ಕಲ್ಲೆದೆಯವಳು ಎಂದು ಹೆಸರು.

ಇವರು, ನನ್ನ ಗಂಡ ಉದಯಕುಮಾರ, ಶಹಾಬಾದ ಕಲ್ಲು ಪಾಲಿಶ್ ಮಾಡುವ ಮಷಿನ್ ಮೇಲಿದ್ದಾರೆ. ದೀಪಾವಳಿಯಿಂದ ಕೆಮ್ಮು. ಮೆಟ್ಟಿಲು ಹತ್ತಿದರೆ ಏದುಸಿರು. ನಾನು ದಂಟು ಹಿಡಿದು ಆಯಿಯ ಮನೆಗೆ ಹೋದೆ.

"ಕೂಸಿಗೇನ?"

"ಇಲ್ಲ ಆಯಿ, ಇವರಿಗಿ."

"ಕೊಡಂಗಿಲ್ಲ."

"ಯಾಕ, ಪಿಂಗಾಣಿ ಸವದು ಹೋಗ್ತದೇನ? ನಮ್ಮವರ ದಮ್ಮು ಏನ್ ಪಾಪ ಮಾಡ್ಯಾದ?"

ಆಯಿಗೆ ಸಿಟ್ಟು ಬರಲಿಲ್ಲ. "ಕುಂದ್ರು. ಚಾ ಕುಡಿ" ಎಂದಳು. ಗೋಡೆಯ ಮೇಲೆ ಅವಳ ಗಂಡ ಮಾಣಿಕಪ್ಪನ ಫೋಟೊ ಇತ್ತು. ಆಯಿ ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಫೋಟೊದತ್ತ ಗದ್ದ ಎತ್ತಿದಳು.

"ಅವನೂ ಕಲ್ಲಿನ ಕೆಲ್ಸದಾಂವನೇ. ಸಂಜೀಗಿ ಮೈಯೆಲ್ಲ ಹಿಟ್ಟ ಬಡಕೊಂಡಂಗ ಬರ್ತಿದ್ದ. ನಾ ಭರಣಿ ಹಿಡೀತಿದ್ದೆ. ಬೂದಿಯಂಥ ಕಫ ಬೀಳ್ತಿತ್ತು. 'ಎದಿ ಹಗುರಾತು' ಅಂತಿದ್ದ. ಧೂಳ ಬಿತ್ತು, ಹೋತು ಅಂತ ತಿಳ್ಕೊಂಡೆ ನಾ. ಭಾಂಡಿ ತೊಳದಂಗ ಗಂಡನ ಎದಿ ತೊಳದೆ ಅಂತ! ಮರದಿನ ನಾನೇ ಬುತ್ತಿ ಕಟ್ಟಿ ಕಳಸ್ತಿದ್ದೆ."

"ಮತ್ತ?"

"ಮತ್ತೇನದ? ಕಲಬುರಗ್ಯಾಗ ಡಾಕ್ಟರ್ ಎಕ್ಸರೇ ತೆಗದ. ಎದ್ಯಾಗ ಜಾಗಾನೇ ಉಳದಿಲ್ಲ, ಇಷ್ಟ ದಿನ ಕೆಲ್ಸಕ್ಕ ಹೆಂಗ ಹೋದ್ರಿ ಅಂತ ಕೇಳ್ದ. ಇಂವ ನನ್ನ ಕಡಿ ನೋಡಿ ನಕ್ಕ, ಯವ್ವಾ. 'ಮನ್ಯಾಗೇ ಔಷಧ ಇತ್ರಿ ಸಾಹೇಬ್ರ' ಅಂದ."

ಚಾ ಆರಿಹೋಗಿತ್ತು.

"ಉಗಿಗಿ ಕಫ ಬರ್ತದ, ಭಾಗ್ಯಾ. ಎದ್ಯಾಗ ಕುಂತ ಕಲ್ಲ ಬರಂಗಿಲ್ಲ. ಭರಣಿ ಇರಲಿಲ್ಲಂದ್ರ ದಮ್ಮು ಹತ್ತಿ, ಹೆದರಿ ಎಂದೋ ಕೆಲ್ಸ ಬಿಡ್ತಿದ್ದ. ನಿನ್ನ ಗಂಡ ಹೆದರ್ಲಿ. ಹೆದರ್ಲಿ ಬಿಡು."

ಮನೆಗೆ ಬಂದು ಹೇಳಿದರೆ ಇವರು ನಕ್ಕರು. "ಕೊಡೂ ಮನಸಿಲ್ಲದ ಮುದುಕಿ ಕಥಿ ಹೇಳ್ಯಾಳ, ನೀ ಕೇಳಿ ಬಂದಿ." ನಾನು ಬಿಡಲಿಲ್ಲ. ಆದಿತ್ಯನಗರದಲ್ಲಿ ಗೇಟ್ ಕಾಯುವ ಕೆಲಸವಿದೆಯಂತೆ, ಪಗಾರ ಕಡಿಮೆಯಾದರೂ ಶ್ರುತಿಯ ಹಾಲಿಗೆ ಸಾಕು, ಉಳಿದದ್ದಕ್ಕೆ ನಾನು ಹೊಲಿಗೆ ಹಿಡಿಯುತ್ತೇನೆ ಎಂದೆ. ಇವರು ಬುತ್ತಿ ಎತ್ತಿಕೊಂಡು ಕೆಲಸಕ್ಕೆ ಹೊರಟರು. ಆದರೆ ಒಂದು ಬೆಳಗಿನ ಜಾವ ಉಸಿರು ಸಿಗದೆ ಹಾಸಿಗೆಯಲ್ಲಿ ಎದ್ದು ಕುಳಿತವರು ನನ್ನ ಕೈ ಹಿಡಿದುಕೊಂಡರು. "ಸೋಮಾರ ಹೋಗಿ ಕೇಳಿ ಬರ್ತೀನಿ" ಎಂದರು. ಅವರು ಹೆದರಿದ್ದರು. ನನಗೆ ಸಂತೋಷವಾಯಿತು. ಗಂಡ ಹೆದರಿದ್ದಕ್ಕೆ ಸಂತೋಷಪಡುವ ಕಾಲ ಬಂತಲ್ಲ ಎಂದೂ ಅನ್ನಿಸಿತು.

ಆ ವಾರವೇ ಆಯಿ ತೀರಿಕೊಂಡಳು. ಹಿಂದಿನ ದಿನ ನನ್ನನ್ನು ಕರೆಸಿ ಭರಣಿ ಕೊಟ್ಟಿದ್ದಳು. "ಕೂಸಿಗಷ್ಟೇ" ಎಂದಳು. ಆಣೆ ಗೀಣೆ ಏನೂ ಹಾಕಿಸಿಕೊಳ್ಳಲಿಲ್ಲ.

ನಿನ್ನೆ ಭಾನುವಾರ. ಸೇಡಂ ಸಂತೆಗೆ ಹೋದ ಇವರು ಮೆಡಿಕಲ್ ಅಂಗಡಿಯಿಂದ ಒಂದು ಡಬ್ಬಿ ತಂದರು. ಒಳಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಯಂತ್ರ. ನೀರು ಹಾಕಿ ಕರೆಂಟಿಗೆ ಹಚ್ಚಿದರೆ ತಾನೇ ಉಗಿ ಬಿಡುತ್ತದೆ. ಮುಖವಿಟ್ಟು ಬಹಳ ಹೊತ್ತು ಜಗ್ಗಿದರು. ಬಚ್ಚಲಿಗೆ ಹೋಗಿ ಉಗುಳಿದರು. ನೀರು ಹಾಕುವ ಮೊದಲು ನೋಡಿದೆ. ಬೂದಿಯ ಬಣ್ಣ.

"ಎದಿ ಹಗುರಾತು ನೋಡು" ಎಂದರು, ಮುಖವೆಲ್ಲ ಅರಳಿಸಿ. "ಆ ಮುದುಕಿ ಸುಮ್ನ ಹೆದರಿಸಿದ್ಲು. ನಾಳಿ ಬುತ್ತಿಗಿ ಎರಡ ರೊಟ್ಟಿ ಹೆಚ್ಚಿಗಿ ಕಟ್ಟು."

"ನಾಳಿ ಆದಿತ್ಯನಗರಕ್ಕ ಹೋಗೂದಿತ್ತಲ್ಲ?"

"ನೋಡೂಣಂತ. ಈಗೇನ್ ಅವಸರ?"

ಇವತ್ತು ಬೆಳಿಗ್ಗೆ ನಾನು ಬುತ್ತಿ ಕಟ್ಟಲಿಲ್ಲ. ಒಲೆಯನ್ನೇ ಹಚ್ಚಲಿಲ್ಲ. ಬಾಗಿಲಿಗೆ ಅಡ್ಡ ಕುಳಿತೆ. ಇವರು ಬೈಯಲಿಲ್ಲ, ಶ್ರುತಿಯ ಗಲ್ಲ ಹಿಂಡಿ, "ನಿಮ್ಮವ್ವಗ ಆಯಿ ದೆವ್ವಾಗಿ ಬಡದಾಳ" ಎಂದು ನಕ್ಕು ನನ್ನನ್ನು ದಾಟಿಕೊಂಡು ಮಷಿನ್ ಕೆಲಸಕ್ಕೆ ಹೋದರು. ಹೋಟೆಲಿನಲ್ಲಿ ಮಂಡಕ್ಕಿ ಸುಸಲಾ ತಿನ್ನುತ್ತಾರಂತೆ.

ಇವರು ಓಣಿಯ ತಿರುವು ದಾಟುವವರೆಗೆ ಕಿವಿಗೊಟ್ಟು ನಿಂತೆ. ಒಮ್ಮೆಯೂ ಕೆಮ್ಮಲಿಲ್ಲ.